ಎದೆಯೊಳಗಿನ ಕಿವಿ

ಕ್ಯಾಥ್ ಲ್ಯಾಬಿನಲ್ಲಿ ಚಳಿ. ತೊಟ್ಟ ಸೀಸದ ಏಪ್ರನ್ ಭಾರಕ್ಕೆ ನಿಮ್ಮ ಹೆಗಲು ಆಗಲೇ ಜಗ್ಗುತ್ತಿದೆ. ಮೇಜಿನ ಮೇಲೆ ಮಲಗಿರುವವರು ಅರವತ್ತು ದಾಟಿದ ಮೇಷ್ಟ್ರು. ಎಡಗಡೆ ಕಾಲರ್ ಬೋನ್ ಕೆಳಗಷ್ಟೇ ಮರಗಟ್ಟಿಸಿದ್ದಾರೆ, ಎಚ್ಚರವಾಗಿಯೇ ಇದ್ದಾರೆ. ಹಿಂದೊಮ್ಮೆ ಹಾರ್ಟ್ ಅಟ್ಯಾಕ್ ಆಗಿ ಹೃದಯದ ಮಾಂಸ ಅಲ್ಲಲ್ಲಿ ಕಲೆಗಟ್ಟಿದೆ. ಅದಕ್ಕೇ ಇವತ್ತು ಐಸಿಡಿ. ಬಡಿತ ಹುಚ್ಚೆದ್ದರೆ ಶಾಕ್ ಕೊಟ್ಟು ಹಳಿಗೆ ತರುವ ಯಂತ್ರ.

ಎಕ್ಸ್‌ರೇ ಪರದೆಯಲ್ಲಿ ತಂತಿ ತೆವಳುತ್ತಾ ಬಲ ಕುಹರಕ್ಕಿಳಿಯುತ್ತದೆ. ತುದಿಯ ಪುಟ್ಟ ಸ್ಕ್ರೂ ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ.

"ಆರ್ ವೇವ್ ಎಷ್ಟು?"

"3.1, ಡಾಕ್ಟ್ರೇ."

ತಂತಿಗೆ ಕೇಳಿಸುವ ಬಡಿತದ ಅಲೆ ಎಷ್ಟು ದೊಡ್ಡದು ಎಂಬ ಮಿಲಿವೋಲ್ಟ್ ಲೆಕ್ಕ. 5ಕ್ಕಿಂತ ಹೆಚ್ಚಿರಬೇಕು. ಕಲೆಗಟ್ಟಿದ ಜಾಗಕ್ಕೆ ದನಿ ಕಮ್ಮಿ. ಡಾಕ್ಟರು ಸ್ಕ್ರೂ ಬಿಚ್ಚಿ, ತಂತಿಯನ್ನು ಹೃದಯದ ನಡುಗೋಡೆಯತ್ತ ತಿರುಗಿಸುತ್ತಾರೆ. 4.4. ಯಾರೂ ಮಾತಾಡುವುದಿಲ್ಲ. ಮತ್ತೆ ಬಿಚ್ಚು, ಮತ್ತೆ ತಿರುಗಿಸು.

"9.8!"

ಪರದೆಯಲ್ಲಿ ಚೂಪಾದ ಅಲೆಯ ಬೆನ್ನಿಗೇ ಒಂದು ಗುಡ್ಡ ಎದ್ದಿದೆ. ಸ್ಕ್ರೂ ಚುಚ್ಚಿದ ಹಸಿ ಗಾಯದ ಗುರುತು ಅದು. ತಂತಿ ಗಟ್ಟಿಯಾಗಿ ಕೂತಿದೆ ಎಂಬುದಕ್ಕೆ ಸಾಕ್ಷಿ.

ಇಷ್ಟೆಲ್ಲ ಅಳತೆ ಯಂತ್ರಕ್ಕೆ ಬಡಿತ ಸರಿಯಾಗಿ ಕೇಳಿಸಲೆಂದು. 1958ರಲ್ಲಿ ಸ್ವೀಡನ್ನಿನಲ್ಲಿ ಸರ್ಜನ್ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ದೇಹದೊಳಗಿಟ್ಟ ಮೊದಲ ಪೇಸ್‌ಮೇಕರ್‌ಗೆ ಕಿವಿಯೇ ಇರಲಿಲ್ಲ. ಹೃದಯ ಏನನ್ನುತ್ತಿದೆ ಎಂದು ಕೇಳದೆ ತನ್ನ ಪಾಡಿಗೆ ಮಿಡಿಯುತ್ತಿತ್ತು. ಈಗಿನ ಯಂತ್ರಕ್ಕೆ ಕೇಳುವುದೇ ಕಷ್ಟದ ಕೆಲಸ. ಹುಚ್ಚೆದ್ದ ಬಡಿತದ ಅಲೆಗಳು ತೀರಾ ಸಣ್ಣವು. ಹಿಡಿಯಬೇಕಾದರೆ ಕಿವಿ 0.3 ಮಿಲಿವೋಲ್ಟ್‌ನಷ್ಟು ಚುರುಕಾಗಬೇಕು. ಅಷ್ಟು ಚುರುಕಾದರೆ ಪ್ರತಿ ಬಡಿತದ ಹಿಂದೆ ಬರುವ ಟಿ ಅಲೆಯೂ ಇನ್ನೊಂದು ಬಡಿತವೆಂದು ಕೇಳಿಸಬಹುದು. ಮೆಟ್ಟಿಲು ಹತ್ತುವಾಗಿನ 95 ಬಡಿತ 190 ಆಗಿ ಎಣಿಕೆಯಾದರೆ? ಪೂರ್ಣ ಎಚ್ಚರದಲ್ಲಿರುವ ಮನುಷ್ಯನಿಗೆ ವಿನಾಕಾರಣ ಶಾಕ್. ತಿಂದವರು ಎದೆಗೆ ಕುದುರೆ ಒದ್ದ ಹಾಗಾಯಿತು ಎನ್ನುತ್ತಾರೆ.

ಯಂತ್ರವನ್ನು ಹೊಂದಿಸುವ ಪ್ರೋಗ್ರಾಮರ್ ಉಪಕರಣದ ಮುಂದಿರುವ ಹುಡುಗಿ ಹೀಗೆ ಎರಡೆರಡು ಎಣಿಕೆಯಾಗುತ್ತಿದೆಯೇ ಎಂದೇ ನೋಡುತ್ತಿದ್ದಾಳೆ. ಬಡಿತ ಕೇಳಿದ ಕೂಡಲೇ ಯಂತ್ರ ಕಿವಿ ಮುಚ್ಚಿ, ಆಮೇಲೆ ಮೆಲ್ಲಮೆಲ್ಲನೆ ತೆರೆಯುತ್ತದೆ. ನಿಧಾನಗತಿಯ ಟಿ ಅಲೆಯನ್ನು ಫಿಲ್ಟರ್ ಸೋಸಿಬಿಡುತ್ತದೆ. ಅವಳ ಬೆರಳು ಪರದೆಯುದ್ದಕ್ಕೂ ಸರಿಯುತ್ತದೆ: ಬಡಿತಕ್ಕೊಂದೇ ಗುರುತು, ಕುಹರದ ಬಡಿತ ಕೇಳಿಸಿತು ಎನ್ನುವ 'ವಿಎಸ್', 'ವಿಎಸ್', 'ವಿಎಸ್'. ತಲೆಯಾಡಿಸುತ್ತಾಳೆ. ಹೊಲಿಗೆ ಶುರುವಾಗುತ್ತದೆ.

"ಮುಗೀತಾ?" ಎನ್ನುತ್ತಾರೆ ಮೇಷ್ಟ್ರು.

ಇವತ್ತಿನ 9.8 ಹಾಗೇ ಉಳಿಯುವುದಿಲ್ಲ. ಕೆಲವೇ ವಾರಗಳಲ್ಲಿ ತಂತಿಯ ತುದಿಯ ಸುತ್ತ ಕಲೆ ಬೆಳೆಯುತ್ತದೆ. ವರ್ಷಗಳು ಕಳೆದಂತೆ ತಂತಿಯೂ ಸವೆಯಬಹುದು. ನಿಮ್ಮ ಮನೆಯಲ್ಲಿ ಯಾರ ಎದೆಯಲ್ಲಾದರೂ ಇಂಥ ಯಂತ್ರವಿದ್ದರೆ, ಆರಾಮಾಗಿದ್ದಾರಲ್ಲ ಎಂದು ತಪಾಸಣೆ ತಪ್ಪಿಸಬೇಡಿ. ಆರ್ ವೇವ್ ಎಷ್ಟು ಬಂತು ಎಂದು ಕೇಳಿ, ಬರೆದಿಟ್ಟುಕೊಳ್ಳಿ.