ಎರಡು ಅರ್ತ್

ಗಳಗನಾಥ ಅಂದರೆ ಓದುವ ಮಂದಿಗೆ ಆ ಹೆಸರಿನ ಕಾದಂಬರಿಕಾರರು ನೆನಪಾಗ್ತಾರೆ. ಗುಡಿ ನೋಡಿದವರಿಗೆ ವರದಾ ಬಂದು ತುಂಗಭದ್ರೆಗೆ ಕೂಡೋ ಜಾಗ. ನನಗೆ ಮಾತ್ರ ಕಾಕಾನ ಮಗನ ವೆಲ್ಡಿಂಗ್ ಶೆಡ್ಡು. ಟ್ರ್ಯಾಲಿ, ರಂಟೆ, ಗೇಟು ಅಂತ ವರ್ಷಗಟ್ಟಲೆ ರಾಡಿನಲ್ಲೇ ಬೆಸುಗೆ ಹಾಕಿದ ಅಣ್ಣ ಹೋದ ಮಳೆಗಾಲದಲ್ಲಿ ಟಿಗ್ ಮಷೀನ್ ತಂದ. ಈಗ ಎಲ್ಲರ ಮೆಟ್ಟಿಲಿಗೂ ಸ್ಟೀಲ್ ರೇಲಿಂಗೇ ಬೇಕಲ್ಲ.

"ತಮ್ಮಾ, ನೀ ಇಂಜಿನಿಯರ್ ಅದಿ. ಈ ಗುಂಡಿ ಏನಂತಾವ ನೋಡು" ಅಂದ. ನಾನು ಓದಿದ್ದು ಕಂಪ್ಯೂಟರ್ ಬಿಇ. ಊರಲ್ಲಿ ಹಾಗಂತ ಹೇಳಿ ತಪ್ಪಿಸಿಕೊಳ್ಳೋಕಾಗಲ್ಲ. ಇಂಗ್ಲಿಷ್ ಪುಸ್ತಕ ಹಿಡಿದು ಕೂತೆ.

ರಾಡಿನ ರೂಢಿಯಲ್ಲಿ ಕರೆಂಟ್ 110 ಆಂಪಿಯರಿಗೆ ಇಟ್ಟಿದ್ದ. ಪೈಪಿನ ದಪ್ಪ ಒಂದೂವರೆ ಮಿಲಿಮೀಟರ್, ಮುಟ್ಟಿದಲ್ಲೆಲ್ಲ ತೂತು. ಕಬ್ಬಿಣಕ್ಕೆ ಮಿಲಿಮೀಟರಿಗೆ ಸುಮಾರು 40 ಆಂಪಿಯರ್ ಅಂತ ಲೆಕ್ಕ, ಸ್ಟೇನ್‌ಲೆಸ್ಸಿಗೆ ಸ್ವಲ್ಪ ಕಮ್ಮಿ. 50ಕ್ಕೆ ಇಳಿಸಿದೆವು, ಕೂತಿತು. ಗ್ಯಾಸು ಉಳಿಸೋಕೆ ಪೋಸ್ಟ್ ಫ್ಲೋ ಸೊನ್ನೆ ಮಾಡಿದ್ದ. ಬೆಂಕಿ ಆರಿದ ಮೇಲೂ ಬಿಸಿ ಟಂಗ್‌ಸ್ಟನ್ ತುದಿಗೆ ಐದಾರು ಸೆಕೆಂಡ್ ಆರ್ಗಾನ್ ಬೇಕು, ಇಲ್ಲದಿದ್ದರೆ ತುದಿ ಕಪ್ಪಾಗತ್ತೆ. ಹಳದಿ ದೀಪ ಹತ್ತಿದರೆ ಅದು ಬಿಸಿಯಾಗಿ ತಾನೇ ನಿಂತದ್ದು. ಆಗ ಸ್ವಿಚ್ ತೆಗೀಬಾರದು, ಫ್ಯಾನ್ ತಿರುಗಿ ತಣಿಸಬೇಕು. ಅಣ್ಣ ಪ್ರತಿ ಸಲ ಸ್ವಿಚ್ಚೇ ತೆಗೀತಿದ್ದ. ಇಷ್ಟು ಹೇಳಿ ನಾನು ದೊಡ್ಡ ಮನುಷ್ಯ ಆದೆ.

ಎದ್ದು ನಿಲ್ಲೋವಾಗ ಮಷೀನಿನ ತಗಡಿನ ಮೇಲೆ ಕೈ ಇಟ್ಟೆ. ಜುಮ್ ಅಂತು. ಚಪ್ಪಲಿ ಹೊರಗೆ ಬಿಟ್ಟಿದ್ದೆ, ನೆಲ ಒದ್ದೆ.

"ಅದಾ? ಮಳೆಗಾಲದಾಗ ಅಷ್ಟು ಇರತೈತಿ."

"ಅರ್ತ್ ಇಲ್ಲೇನೋ ಅಣ್ಣಾ?"

"ಐತಲ್ಲೋ, ಹಾಕೇನಲ್ಲ!" ಅಂತ ಪೈಪಿಗೆ ಕಚ್ಚಿದ್ದ ಕ್ಲ್ಯಾಂಪ್ ತೋರಿಸಿದ.

ವೆಲ್ಡಿಂಗ್ ಮಾಡೋರೆಲ್ಲ ಅದನ್ನು ಅರ್ತ್ ಅಂತಲೇ ಕರೀತಾರೆ. ಅದು ಬೆಸುಗೆಯ ಕರೆಂಟ್ ಮಷೀನಿಗೆ ವಾಪಸ್ ಬರೋ ದಾರಿ, ಅಷ್ಟೇ. ಮನುಷ್ಯನನ್ನ ಕಾಯೋ ಅರ್ತ್ ಬೇರೆ. ಪ್ಲಗ್ಗಿನ ಮೂರನೇ ಪಿನ್ನಿನಿಂದ ಹೊರಟು ಮಣ್ಣಿಗೆ ಇಳಿಯೋದು. ಮೇನ್ ತೆಗೆದು ಬೋರ್ಡ್ ಬಿಚ್ಚಿದೆವು. ಮೂರನೇ ತೂತಿನ ಹಿಂದೆ ವೈರೇ ಇರಲಿಲ್ಲ. ಇಂಥ ಮಷೀನಿನೊಳಗಿನ ಫಿಲ್ಟರಿನಿಂದ ತಗಡಿಗೆ ಒಂಚೂರು ಕರೆಂಟ್ ಸೋರೋದು ಸಹಜ. ನನಗೆ ಜುಮ್ ಅಂದದ್ದು ಅದೇ ಇರಬೇಕು. ಆದರೆ ಒಳಗೆ ಒಂದು ವೈರು ಸುಲಿದು ತಗಡಿಗೆ ತಾಗಿದರೆ 230 ವೋಲ್ಟೂ ಅಲ್ಲೇ ಕೂರತ್ತೆ, ಎಂಸಿಬಿ ಬೀಳಲ್ಲ, ಮುಟ್ಟಿದವನ ಮೈಯೇ ದಾರಿ. ಅಣ್ಣನ ಮಗ ಸಾಲಿ ಬಿಟ್ಟ ಕೂಡಲೇ ಬರಿಗಾಲಲ್ಲಿ ಬಂದು ಆ ಮಷೀನಿನ ಮೇಲೇ ಪಾಟೀಚೀಲ ಇಡ್ತಾನೆ.

ಅರ್ಧ ದಿನ ಮುಂದಿನ ಗುಂಡಿಗಳನ್ನೇ ಓದಿದ್ದೆ. ಹಿಂದಿನ ಪ್ಲಗ್ಗು ನೋಡಿರಲಿಲ್ಲ.

ಮರುದಿನ ಎಲೆಕ್ಟ್ರಿಷಿಯನ್ ಬಂದ. ಶೆಡ್ಡಿನ ಮಗ್ಗಲು ಗುಂಡಿ ತೋಡಿ ಪೈಪು ಇಳಿಸಿ, ಇದ್ದಲಿ, ಉಪ್ಪು ತುಂಬಿ, ಬೋರ್ಡಿಗೆ ಹಸಿರು ವೈರ್ ಎಳೆದ. ರೇಲಿಂಗ್ ಎರಡು ದಿನ ತಡ ಆಯ್ತು ಅಂತ ಗಿರಾಕಿ ಬೈದ. ಬ್ಯಾಸಿಗ್ಯಾಗ ಆ ಗುಂಡಿ ಒಣಗಬಾರದು ಅಂತ ಹೇಳಿ ಹೋಗಿದ್ದ. ಈಗ ಕಾಕು ದಿನಾ ತುಳಸಿಗೆ ನೀರು ಹಾಕಿ, ಉಳಿದ ಅರ್ಧ ಕೊಡ ಅದಕ್ಕೆ ಸುರೀತಾಳೆ.