ಆ ರಾತ್ರಿಯ ಲೆಕ್ಕ

2012ರ ಮೇ 13, ಭಾನುವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು, ರಿಸಲ್ಟಿಗೆ ಕಾಯುತ್ತಾ ಹಾಸನದ ದೊಡ್ಡಪ್ಪನ ಮನೆಯಲ್ಲಿ ಬಿದ್ದುಕೊಂಡಿದ್ದೆ. ದೊಡ್ಡಪ್ಪನ ಮಗ ನನಗಿಂತ ಮೂರು ವರ್ಷ ದೊಡ್ಡವನು, ಮ್ಯಾಂಚೆಸ್ಟರ್ ಯುನೈಟೆಡ್‌ನ ಕಟ್ಟಾ ಅಭಿಮಾನಿ. ನನಗೆ ಫುಟ್‌ಬಾಲ್ ಹತ್ತಿಸಿದವನೂ ಅವನೇ. ಆದರೆ ಅಣ್ಣನ ಜೊತೆ ಜಗಳ ಆಡಬೇಕೆಂದರೆ ನನಗೊಂದು ಬೇರೆ ಟೀಮ್ ಬೇಕಲ್ಲ? ಅವನಿಗೆ ಯಾವ ಟೀಮ್ ಕಂಡರೆ ಮೈ ಉರಿಯುತ್ತಿತ್ತೋ ಅದನ್ನೇ ಹಿಡಿದುಕೊಂಡೆ. ಹಾಗೆ ನಾನು ಮ್ಯಾಂಚೆಸ್ಟರ್ ಸಿಟಿಯವನಾದೆ. ಆ ಊರಿನ ಬಗ್ಗೆಯಾಗಲಿ, ಅಬುಧಾಬಿಯ ದುಡ್ಡಿನ ಬಗ್ಗೆಯಾಗಲಿ ನನಗೆ ಏನೇನೂ ತಿಳಿದಿರಲಿಲ್ಲ.

ಅವತ್ತು ಲೀಗಿನ ಕೊನೆಯ ದಿನ. ಎರಡೂ ಟೀಮುಗಳ ಅಂಕ ಸಮವಾಗಿದ್ದವು, ಗೋಲುಗಳ ಅಂತರದಲ್ಲಿ ಸಿಟಿ ಮುಂದಿತ್ತು. ರಿಮೋಟು ಅಣ್ಣನ ಕೈಯಲ್ಲಿ. ಸಂಡರ್‌ಲ್ಯಾಂಡ್‌ನಲ್ಲಿ ಯುನೈಟೆಡ್ ಒಂದು ಗೋಲಿನಿಂದ ಮುಂದಿತ್ತು. ನಮ್ಮದು ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ತೊಂಬತ್ತು ನಿಮಿಷವಾದರೂ 1-2ರಲ್ಲಿ ಸೋಲುತ್ತಲೇ ಇತ್ತು. ನಾನು ಸೋಲುವುದನ್ನು ಕಣ್ಣಾರೆ ನೋಡಲೆಂದೇ ಅಣ್ಣ ಚಾನೆಲ್ ಬದಲಿಸಿದ. ಹೆಚ್ಚುವರಿ ಸಮಯದಲ್ಲಿ ಜೆಕೊ ತಲೆ ಕೊಟ್ಟು ಒಂದು ಗೋಲು ಹೊಡೆದ. ಆಮೇಲೆ 93 ನಿಮಿಷ 20 ಸೆಕೆಂಡಿಗೆ ಅಗ್ವೆರೊ. 44 ವರ್ಷಗಳ ನಂತರ ಸಿಟಿ ಚಾಂಪಿಯನ್. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಗೇಟಿನ ತನಕ ಬಂದು ಏನಾಯಿತೆಂದು ಕೇಳಿದರಂತೆ.

ಆಮೇಲಿನ ವರ್ಷಗಳಲ್ಲಿ ಮನಸ್ಸು ಕುಗ್ಗಿದಾಗಲೆಲ್ಲ ಆ ಗೋಲಿನ ವಿಡಿಯೊ ನೋಡಿದ್ದೇನೆ. ನೆಟ್ ಪರೀಕ್ಷೆ ಫೇಲಾದ ದಿನ ನೋಡಿದ್ದೇನೆ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಕಾರಿಡಾರಿನಲ್ಲಿ ನಿಂತು ನೋಡಿದ್ದೇನೆ. ನನ್ನ ಬದುಕಿನ ಕಲಬೆರಕೆಯಿಲ್ಲದ ಸಂತೋಷ ಯಾವುದೆಂದು ಯಾರಾದರೂ ಕೇಳಿದ್ದರೆ, ನಾಚಿಕೆ ಬಿಟ್ಟು ಇದನ್ನೇ ಹೇಳುತ್ತಿದ್ದೆ.

2023ರ ಫೆಬ್ರವರಿ 6ರಂದು ಪ್ರೀಮಿಯರ್ ಲೀಗ್, ಮ್ಯಾಂಚೆಸ್ಟರ್ ಸಿಟಿಯ ಮೇಲೆ ಆರೋಪಗಳ ಪಟ್ಟಿಯನ್ನು ಹೊರಡಿಸಿತು. ಜನರ ಬಾಯಲ್ಲಿ ಅದು 115 ಎಂದೇ ನಿಂತುಬಿಟ್ಟಿದೆ. 2009-10ರಿಂದ 2017-18ರವರೆಗಿನ ಹಣಕಾಸಿನ ಲೆಕ್ಕವನ್ನು ಕ್ಲಬ್ ಸರಿಯಾಗಿ ಒಪ್ಪಿಸಲಿಲ್ಲ, ಪ್ರಾಯೋಜಕರ ಹಣದ ಬಗ್ಗೆ, ಆಟಗಾರರ ಮತ್ತು ಮ್ಯಾನೇಜರಿನ ಸಂಬಳದ ಬಗ್ಗೆ ನಿಜ ಹೇಳಲಿಲ್ಲ, ತನಿಖೆಗೆ ಸಹಕರಿಸಲಿಲ್ಲ ಎಂಬುದು ಅವುಗಳ ಸಾರ. ಕ್ಲಬ್ ಎಲ್ಲವನ್ನೂ ನಿರಾಕರಿಸಿತು. ನಾನು ಓದುತ್ತಾ ಹೋದವನು ಒಂದು ಕಡೆ ನಿಂತೆ. ಆ ಒಂಬತ್ತು ವರ್ಷಗಳ ನಡುವೆ 2012ರ ಮೇ 13 ಕೂಡ ಇತ್ತು.

ಅವತ್ತು ರಾತ್ರಿ ಅಣ್ಣನ ಫೋನು. ಅವನಿಗೆ ಮದುವೆಯಾಗಿ, ಮಗುವಾಗಿ, ನಮ್ಮ ಮಾತೆಲ್ಲ ಹಬ್ಬದ ಶುಭಾಶಯಕ್ಕೆ ಇಳಿದಿತ್ತು. 'ನೋಡ್ದೇನೋ?' ಎಂದ. 'ಆರೋಪ ಅಷ್ಟೇ ಅಣ್ಣ, ಸಾಬೀತಾಗ್ಲಿ' ಎಂದೆ. ಅವನು ನಕ್ಕು ಫೋನಿಟ್ಟ.

ಆ ವಾರವಿಡೀ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಅದೇ ಚರ್ಚೆ. ಸಂಶೋಧನಾ ವಿದ್ಯಾರ್ಥಿಗಳ ಹಾಸ್ಟೆಲ್ ಎಂದರೆ ಗೊತ್ತಲ್ಲ, ಸಾರಿನಲ್ಲಿ ಬೇಳೆ ಎಷ್ಟಿದೆ ಎನ್ನುವುದಕ್ಕೂ ಪುರಾವೆ ಕೇಳುವ ಜನ. ಕೇರಳದ ಗೆಳೆಯ ಆರ್ಸೆನಲ್‌ನವನು. 2006ರಲ್ಲಿ ಇಟಲಿ ಯುವೆಂಟಸ್‌ಗೆ ಮಾಡಿದಂತೆ ಸಿಟಿಯನ್ನೂ ಕೆಳಗಿನ ಲೀಗಿಗೆ ತಳ್ಳಬೇಕು ಎಂಬುದು ಅವನ ವಾದ. ದಂಡ ಹಾಕಿದರೆ ಸಾಲದೇ ಎಂದು ಯಾರೋ ಕೇಳಿದರು. 'ದುಡ್ಡಿರೋನಿಗೆ ದಂಡ ಅಂದ್ರೆ ಪಾರ್ಕಿಂಗ್ ಫೀಸಿದ್ದಂಗೆ' ಎಂದ ಮಂಗಳೂರಿನ ಸೀನಿಯರ್. ನಾನು ಹಳೆಯ ಕತೆ ತೆಗೆದೆ. 2020ರ ಫೆಬ್ರವರಿಯಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಸಿಟಿಯನ್ನು ಎರಡು ವರ್ಷ ನಿಷೇಧಿಸಿ, 3 ಕೋಟಿ ಯೂರೊ ದಂಡ ಹಾಕಿತ್ತು. ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ನಿಷೇಧವನ್ನು ರದ್ದುಮಾಡಿ, ಸಹಕರಿಸದಿದ್ದಕ್ಕೆ 1 ಕೋಟಿ ಯೂರೊ ದಂಡವನ್ನಷ್ಟೇ ಉಳಿಸಿತು. 'ಸಾಬೀತಾಗಲಿಲ್ಲ ತಾನೇ?' ಎಂದು ಎದೆಯುಬ್ಬಿಸಿದೆ. ಸೀನಿಯರ್ ತಟ್ಟೆಯಿಂದ ತಲೆಯೆತ್ತದೆ ಹೇಳಿದ: 'ಪೂರ್ತಿ ಓದು. ಕೆಲವು ಸಾಬೀತಾಗ್ಲಿಲ್ಲ, ಕೆಲವಕ್ಕೆ ಕಾಲಮಿತಿ ಮೀರಿತ್ತು. ಎರಡೂ ಒಂದೇ ಅಲ್ಲ.' ನಾನು ಪೂರ್ತಿ ಓದಿರಲಿಲ್ಲ. ನನಗೆ ಬೇಕಾದಷ್ಟನ್ನು ಮಾತ್ರ ಓದಿದ್ದೆ.

ಅದೇ ವರ್ಷ ನವೆಂಬರ್ 17ರಂದು ಎವರ್ಟನ್ ಕ್ಲಬ್ಬಿನ 10 ಪಾಯಿಂಟ್ ಕಡಿತವಾಯಿತು. ಆಗಿನ ನಿಯಮದ ಪ್ರಕಾರ ಕ್ಲಬ್ಬೊಂದು ಮೂರು ವರ್ಷಗಳ ಲೆಕ್ಕದಲ್ಲಿ 105 ಮಿಲಿಯನ್ ಪೌಂಡ್‌ವರೆಗೆ ನಷ್ಟ ಮಾಡಿಕೊಳ್ಳಬಹುದಿತ್ತು. ಎವರ್ಟನ್‌ನ ನಷ್ಟ 124.5 ಮಿಲಿಯನ್ ಎಂದು ಸ್ವತಂತ್ರ ಆಯೋಗ ಲೆಕ್ಕಹಾಕಿತು. 14ನೇ ಸ್ಥಾನದಲ್ಲಿದ್ದ ಟೀಮು ಒಂದೇ ದಿನದಲ್ಲಿ 19ಕ್ಕೆ ಬಿತ್ತು. ಮೆಸ್ಸಿನಲ್ಲಿ ನಾನೇ ಮೊದಲು ಬಾಯಿ ತೆರೆದೆ. 'ನಿಯಮ ಅಂದ್ರೆ ನಿಯಮ. ಮೀರಿದ್ದನ್ನ ಅವ್ರೇ ಒಪ್ಕೊಂಡಿದ್ದಾರೆ, ಅನುಭವಿಸ್ಲಿ.' ಯಾರೂ ಉತ್ತರ ಕೊಡಲಿಲ್ಲ. ಕೇರಳದ ಗೆಳೆಯ ಮಾತ್ರ ನನ್ನನ್ನೇ ನೋಡಿ ಮುಗುಳ್ನಕ್ಕ. ಫೆಬ್ರವರಿಯಲ್ಲಿ ನ್ಯಾಯ ಎಂದರೆ ಪುರಾವೆ ಎಂದಿದ್ದವನಿಗೆ ನವೆಂಬರಿನಲ್ಲಿ ನ್ಯಾಯ ಎಂದರೆ ಶಿಕ್ಷೆಯಾಗಿತ್ತು.

ಇದೆಲ್ಲ ಟಿವಿಯೊಳಗಿನ ಮಾತಾಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ದಿನಗಳಲ್ಲಿ ಒಂದು ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಇತಿಹಾಸ ಪಾಠ ಹೇಳುತ್ತಿದ್ದೆ. ಒಂದು ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಹನ್ನೊಂದು ಪತ್ರಿಕೆಗಳಲ್ಲಿ ಒಂದೇ ತಪ್ಪು ಇಸವಿ, ಒಂದೇ ತಪ್ಪು ವಾಕ್ಯ ಸಿಕ್ಕಿತು. ಮೊದಲು ಬರೆದವರು ಯಾರು, ನೋಡಿ ಬರೆದವರು ಯಾರು, ಪತ್ತೆಯಾಗಲಿಲ್ಲ. ತರಗತಿಯಲ್ಲಿ ಕೇಳಿದೆ, ಯಾರೂ ಬಾಯಿ ಬಿಡಲಿಲ್ಲ. ಸಿಟ್ಟು ನೆತ್ತಿಗೇರಿ ಇಡೀ ತರಗತಿಗೆ ಎರಡೆರಡು ಅಂಕ ಕಡಿತ ಎಂದು ಘೋಷಿಸಿ ಹೊರಬಂದೆ. ಆ ಹನ್ನೊಂದರಲ್ಲಿ ಇಲ್ಲದ ಒಬ್ಬ ಹುಡುಗಿ ಮೆಟ್ಟಿಲ ಬಳಿ ತಡೆದಳು. 'ಸರ್, ನಾನು ನೋಡಿ ಬರ್ದಿಲ್ಲ. ನಂಗ್ಯಾಕೆ?' ಎಂದಳು. ಇಡೀ ತರಗತಿಯ ಶಿಸ್ತಿನ ಪ್ರಶ್ನೆ ಎಂದೇನೋ ಹೇಳಿದೆ. ಅವಳು ವಾದ ಮಾಡಲಿಲ್ಲ. 'ಆಯ್ತು ಸರ್' ಎಂದು ಹೋದಳು.

ಆ ಭಾನುವಾರ, ನವೆಂಬರ್ 26ರಂದು, ಎವರ್ಟನ್ ತನ್ನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಯುನೈಟೆಡ್ ವಿರುದ್ಧ ಆಡಿತು. ಲೀಗೇ ಭ್ರಷ್ಟ ಎಂದು ಬರೆದ ಗುಲಾಬಿ ಬಣ್ಣದ ಕಾರ್ಡುಗಳನ್ನು ಸಾವಿರಾರು ಜನ ಎತ್ತಿ ಹಿಡಿದಿದ್ದರು. ಮೂರನೇ ನಿಮಿಷದಲ್ಲೇ ಗರ್ನಾಚೊ ಗಾಳಿಯಲ್ಲಿ ತಲೆಕೆಳಗಾಗಿ ಹೊಡೆದ ಗೋಲಿಗೆ ಮೆಸ್ಸಿನಲ್ಲಿ ಎಲ್ಲರೂ ಎದ್ದು ನಿಂತರು. ನಾನು ಕಾರ್ಡು ಹಿಡಿದವರ ಮುಖಗಳನ್ನೇ ನೋಡುತ್ತಿದ್ದೆ. ಅಪ್ಪನ ಹೆಗಲ ಮೇಲೆ ಕೂತ ಮಕ್ಕಳಿದ್ದರು, ಟೋಪಿ ಹಾಕಿದ ಮುದುಕರಿದ್ದರು. ಇವರಲ್ಲಿ ಯಾರೂ ಕ್ಲಬ್ಬಿನ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿದವರಲ್ಲ. ಮೆಟ್ಟಿಲ ಬಳಿಯ ಹುಡುಗಿ ನೆನಪಾದಳು.

ಸೋಮವಾರ ಹೋಗಿ ಕಡಿತವನ್ನು ವಾಪಸ್ ತೆಗೆದುಕೊಂಡೆ, ಎಲ್ಲರ ಅಂಕವೂ ಮೊದಲಿನಂತೆಯೇ ಎಂದೆ. ತರಗತಿಯಲ್ಲಿ ಸಂತೋಷದ ಗದ್ದಲ. ಆ ಹುಡುಗಿ ಮತ್ತೆ ಮೆಟ್ಟಿಲ ಬಳಿ ಸಿಕ್ಕಳು. ಥ್ಯಾಂಕ್ಸ್ ಹೇಳಬಹುದು ಎಂದುಕೊಂಡೆ. 'ನೋಡಿ ಬರ್ದೋರಿಗೂ ಕೊಟ್ರಾ ಸರ್?' ಎಂದಳು.

ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲರಿಗೂ ಶಿಕ್ಷೆ ಕೊಟ್ಟಾಗ ಅವಳಿಗೆ ಅನ್ಯಾಯವಾಗಿತ್ತು, ಎಲ್ಲರನ್ನೂ ಬಿಟ್ಟಾಗಲೂ ಅವಳಿಗೇ ಅನ್ಯಾಯವಾಯಿತು. ಎವರ್ಟನ್ ಅಭಿಮಾನಿಗಳ ಮೇಲೆ ಕನಿಕರಪಡುತ್ತಿದ್ದ ನಾನು ಇನ್ನೊಂದು ಊರನ್ನು ಮರೆತಿದ್ದೆ. ರೂಮಿಗೆ ಬಂದು 2021-22ರ ಅಂಕಪಟ್ಟಿ ತೆಗೆದು ನೋಡಿದೆ. ನಷ್ಟದ ಲೆಕ್ಕ ಮುಗಿದದ್ದು ಆ ವರ್ಷಕ್ಕೆ. ಎವರ್ಟನ್ 39 ಪಾಯಿಂಟ್ ಗಳಿಸಿ ಉಳಿದುಕೊಂಡಿತ್ತು, 35 ಗಳಿಸಿದ ಬರ್ನ್‌ಲಿ ಕೆಳಗಿನ ಲೀಗಿಗೆ ಬಿದ್ದಿತ್ತು. ಮುಂದೆ 2024ರ ಫೆಬ್ರವರಿಯಲ್ಲಿ ಮೇಲ್ಮನವಿಯ ನಂತರ 10ರ ಕಡಿತ 6ಕ್ಕೆ ಇಳಿಯಿತು. ಆ ಆರನ್ನೇ 2022ರ ಪಟ್ಟಿಯಿಂದ ಕಳೆದಿದ್ದರೆ ಬೀಳುತ್ತಿದ್ದದ್ದು ಬರ್ನ್‌ಲಿ ಅಲ್ಲ, ಎವರ್ಟನ್. ಶಿಕ್ಷೆ ಬಂದಿತು, ಆದರೆ ಬೇರೊಂದು ವರ್ಷಕ್ಕೆ ಬಂದಿತು. ಬರ್ನ್‌ಲಿಯ ಜನಕ್ಕೆ ಅದರಿಂದ ಏನೂ ಸಿಗಲಿಲ್ಲ.

ನನ್ನ ಸಂಶೋಧನೆ ಶಾಸನಗಳ ಮೇಲೆ. ಕನ್ನಡದ ದಾನಶಾಸನಗಳ ಕೊನೆಗೆ ಬರುವ ಶಾಪದ ಸಾಲುಗಳನ್ನು ದಿನವೂ ಓದುತ್ತೇನೆ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆ ಎಂಬಂಥ ಮಾತುಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಮೊದಲೆಲ್ಲ ಅವನ್ನು ಓದಿ ನಗುತ್ತಿದ್ದೆ. ಈಗ ಒಂದು ವಿಷಯಕ್ಕೆ ಗೌರವ ಬಂದಿದೆ. ತಪ್ಪು ನಡೆಯುವ ಮೊದಲೇ, ಅದನ್ನು ಮಾಡುವವನು ರಾಜನೋ ಗೌಡನೋ ಎಂದು ತಿಳಿಯುವ ಮೊದಲೇ, ಎಲ್ಲರ ಕಣ್ಣಿಗೂ ಬೀಳುವಂತೆ ಕಲ್ಲಿನಲ್ಲಿ ಕೊರೆದುಬಿಟ್ಟಿದ್ದಾರೆ. ಲೀಗಿನ ನಿಯಮ ಪುಸ್ತಕದಲ್ಲಿ ಇಷ್ಟು ಮೀರಿದರೆ ಇಷ್ಟು ಪಾಯಿಂಟ್ ಎಂಬ ಪಟ್ಟಿ ಇರಲಿಲ್ಲ. ಎವರ್ಟನ್ ವಿಚಾರಣೆಯ ಹೊತ್ತಿಗೆ ಲೀಗ್ ಅಂಥದೊಂದು ಸೂತ್ರ ಮುಂದಿಟ್ಟಿತು, ಆಯೋಗ ಅದನ್ನು ಒಪ್ಪಲಿಲ್ಲ. ನಾನೂ ಅಷ್ಟೇ, ತರಗತಿಯಲ್ಲಿ ಸಿಟ್ಟು ಬಂದ ಮೇಲೆ ನಿಯಮ ಮಾಡಿದ್ದೆ.

ಸಿಟಿಯ ವಿಚಾರಣೆ 2024ರ ಸೆಪ್ಟೆಂಬರಿನಲ್ಲಿ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯಿತು. ತೀರ್ಪಿಗೆ ಕಾಯುತ್ತಾ ಆ ಸೀಸನ್ನೇ ಕಳೆಯಿತು. 2025ರ ಬೇಸಿಗೆಯಲ್ಲಿ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅಣ್ಣನೂ ನಾನೂ ಜಗಲಿಯ ಮೇಲೆ ಕೂತೆವು. ನಾನೇ ಮಾತು ತೆಗೆದೆ. 'ತಪ್ಪು ಸಾಬೀತಾದ್ರೆ 2012ರ ಕಪ್ಪು ನಿಮ್ಗೇ ಕೊಡ್ಲಿ ಅಣ್ಣ. ನಾನು ಏನೂ ಅನ್ನಲ್ಲ.'

ಈ ಮಾತಿಗೆ ಎರಡು ವರ್ಷ ತಯಾರಿ ಮಾಡಿಕೊಂಡಿದ್ದೆ ಎಂದೇ ಹೇಳಬೇಕು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. 'ಕಪ್ಪು ತಗೊಂಡು ಏನ್ ಮಾಡ್ಲಿ? ಆವತ್ತು ರಾತ್ರಿ ವಾಪಸ್ ಕೊಡ್ತಾರಾ?' ಎಂದ.

ಇಟಲಿಯಲ್ಲಿ ಹಾಗೆ ಕೊಟ್ಟಿದ್ದುಂಟು. ರೆಫರಿಗಳನ್ನು ನೇಮಿಸುವವರ ಜೊತೆ ಯುವೆಂಟಸ್ ಆಡಳಿತಗಾರರ ಫೋನ್ ಮಾತುಕತೆ ಬಯಲಾದ ಮೇಲೆ ಆ ಕ್ಲಬ್ಬಿನ ಎರಡು ಪ್ರಶಸ್ತಿಗಳನ್ನು ಕಿತ್ತುಕೊಂಡರು. 2004-05ರದ್ದನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟರು. 2005-06ರದ್ದನ್ನು ಮೂರನೆಯ ಸ್ಥಾನದಲ್ಲಿದ್ದ ಇಂಟರ್‌ಗೆ ಕೊಟ್ಟರು. ಬೇಸಿಗೆಯಲ್ಲಿ ಕಾಗದದ ಮೇಲೆ ಬಂದ ಆ ಪ್ರಶಸ್ತಿಗೆ 93ನೇ ನಿಮಿಷ ಎಂಬುದಿಲ್ಲ. ಪಕ್ಕದ ಮನೆಯವರು ಗೇಟಿನ ತನಕ ಬರುವಂಥ ಕೂಗೂ ಇಲ್ಲ. ನನಗೆ ಆ ಖಾಲಿ ಬಿಟ್ಟ ವರ್ಷವೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ತಪ್ಪು ಸಾಬೀತಾದರೆ ನಮ್ಮದನ್ನೂ ಹಾಗೆಯೇ ಖಾಲಿ ಬಿಡಲಿ. ಇಲ್ಲಿ ಏನೋ ಕಳೆದುಹೋಗಿದೆ, ತಿರುಗಿ ಕೊಡಲಾಗಲಿಲ್ಲ ಎಂದು ನೋಡಿದವರಿಗೆಲ್ಲ ತಿಳಿಯಲಿ. ಸಾಬೀತಾಗದಿದ್ದರೆ ನಾನು ಮೆಸ್ಸಿಗೆ ಲಡ್ಡು ತರುತ್ತೇನೆ. ಆದರೆ ಎರಡರಲ್ಲಿ ಯಾವುದಾದರೂ ಪೂರ್ತಿ ಓದುತ್ತೇನೆ.

ಅಣ್ಣನ ಮಾತು ಅಲ್ಲಿಗೆ ಮುಗಿದಿರಲಿಲ್ಲ. 'ನೀನು ಕುಣೀತಿದ್ಯಲ್ಲ, ನಾನು ಎದ್ದು ಟಿವಿ ಆಫ್ ಮಾಡ್ದೆ. ಆಮೇಲೆ ಹಿತ್ತಲಿಗೆ ಹೋದೆ. ಊಟಕ್ಕೆ ಬಾ ಅಂತ ಅಮ್ಮ ಎಷ್ಟು ಕರೆದ್ರೂ ಬರ್ಲಿಲ್ಲ. ನೆನಪಿದ್ಯಾ?'

ನನಗೆ ನೆನಪಿರಲಿಲ್ಲ. ನನ್ನ ನೆನಪಿನಲ್ಲಿ ಆ ಟಿವಿ ಆಫ್ ಆಗಿಯೇ ಇಲ್ಲ. ಅಗ್ವೆರೊ ಅಂಗಿ ಬಿಚ್ಚಿ ತಿರುಗಿಸುತ್ತಾ ಓಡುತ್ತಿದ್ದಾನೆ, ನಾನು ಕೂಗುತ್ತಿದ್ದೇನೆ, ಕೋಣೆಯಲ್ಲಿ ಬೇರೆ ಯಾರೂ ಇಲ್ಲ.

ಹಾಸ್ಟೆಲಿಗೆ ಮರಳಿದ ರಾತ್ರಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅದೇ ದಿನದ ಇನ್ನೊಂದು ವಿಡಿಯೊ ಹುಡುಕಿ ನೋಡಿದೆ. ಸಂಡರ್‌ಲ್ಯಾಂಡ್ ಮೈದಾನದ್ದು. ಪಂದ್ಯ ಗೆದ್ದ ಯುನೈಟೆಡ್ ಆಟಗಾರರು ಹುಲ್ಲಿನ ಮೇಲೆ ಕಾಯುತ್ತಾ ನಿಂತಿದ್ದಾರೆ. ಮ್ಯಾಂಚೆಸ್ಟರಿನ ಸುದ್ದಿ ಮುಟ್ಟುತ್ತದೆ. ಮುಖಗಳು ಒಂದೊಂದಾಗಿ ಇಳಿಯುತ್ತವೆ. ನಾನು ಅದನ್ನು ಮುಗಿಯುವ ತನಕ ನೋಡಿದೆ.