ಹೊಟ್ಟೆನೋವು ನಾಟಕ ಅಲ್ಲ ಕಣ್ರೀ...

ಅಸೂಯೆ ಆದ್ರೆ ಹೊಟ್ಟೆಕಿಚ್ಚು, ಮರುಕ ಹುಟ್ಟಿದ್ರೆ ಕರುಳು ಚುರ್ ಅನ್ನುತ್ತೆ. ಮನಸ್ಸಿಗೂ ಹೊಟ್ಟೆಗೂ ನಂಟಿದೆ ಅಂತ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದ್ರೆ ಮನೆಯ ಹುಡುಗ ಪರೀಕ್ಷೆ ಹೊತ್ತಲ್ಲಿ ಹೊಟ್ಟೆ ಹಿಡ್ಕೊಂಡು ಕೂತರೆ ಮಾತ್ರ "ನಾಟಕ" ಅಂತೀವಿ!

ನನ್ನ ಚಿಕ್ಕಮ್ಮನ ಮಗ ಸೆಕೆಂಡ್ ಪಿಯುಸಿ. ಬೆಳಿಗ್ಗೆ 6ಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ರಾತ್ರಿ 12ರವರೆಗೂ ಸಿಇಟಿ ಓದು. ಎರಡು ತಿಂಗಳಿಂದ ಟೆಸ್ಟ್ ಇರೋ ದಿನ ಹೊಟ್ಟೆ ನುಲಿಯುತ್ತೆ, ತಿಂಡಿ ಸೇರಲ್ಲ, ನಾಲ್ಕು ಸಲ ಬಾತ್‌ರೂಮಿಗೆ ಓಡ್ತಾನೆ. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲಾ ನಾರ್ಮಲ್. "ಏನೂ ಇಲ್ವಂತೆ, ಸುಮ್ನೆ ಓದು" ಅಂತ ಚಿಕ್ಕಪ್ಪ ತೀರ್ಪು ಕೊಟ್ಟೇಬಿಟ್ರು. ಅವನು ನೋವಿನ ಮಾತೇ ಬಿಟ್ಟ. "ನೋವಂತೂ ಇದೆ ಅಣ್ಣಾ, ರಿಪೋರ್ಟಲ್ಲಿ ಇಲ್ವಲ್ಲ, ಏನ್ಮಾಡ್ಲಿ?" ಅಂತ ನನ್ನ ಹತ್ರ ಅಂದಾಗ ನಿಜಕ್ಕೂ ಹೆದರಿಕೆಯಾಯ್ತು.

ನಾನು ಡಾಕ್ಟರಲ್ಲ, ಬರೀ ಕೋಡ್ ಬರೆಯೋನು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಇಲ್ಲಿ ಹಾರ್ಡ್‌ವೇರ್ ಸರಿಯಿದೆ, ಸಿಗ್ನಲ್ ಎಡವಟ್ಟು. ಜೀರ್ಣಾಂಗಗಳ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ನರದ ಮೂಲಕ ಮಿದುಳಿನ ಜೊತೆ ಸದಾ ಮಾತುಕತೆ. ಒತ್ತಡ ಬಂದಾಗ ಜಠರ ನಿಧಾನ ಆಗುತ್ತೆ, ತಿಂದಿದ್ದು ಅಲ್ಲೇ ಕೂತ ಹಾಗನ್ಸುತ್ತೆ. ದೊಡ್ಡಕರುಳು ಮಾತ್ರ ಚುರುಕಾಗುತ್ತೆ, ಅದಕ್ಕೇ ಆ ಓಟ! ಕರುಳಿನ ನರಗಳೂ ಸೂಕ್ಷ್ಮವಾಗಿ, ಸ್ವಲ್ಪ ಗ್ಯಾಸ್ ಆದ್ರೂ ಜೋರು ನೋವು. ಸ್ಕ್ಯಾನಿನಲ್ಲಿ ಇದ್ಯಾವುದೂ ಕಾಣಲ್ಲ.

ಇದೇನು ಈಗಿನ ಮಕ್ಕಳ ಹೊಸ ಕಾಯಿಲೆನೂ ಅಲ್ಲ. 1958ರಲ್ಲೇ ಇಂಗ್ಲೆಂಡಿನ ಮಕ್ಕಳ ವೈದ್ಯ ಜಾನ್ ಏಪ್ಲಿ ಮತ್ತು ಜೊತೆಗಾರರು 1000 ಶಾಲಾಮಕ್ಕಳನ್ನು ಪರೀಕ್ಷಿಸಿ, ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಮತ್ತೆ ಬರೋ ಹೊಟ್ಟೆನೋವಿದೆ ಅಂತ ಬರೆದಿದ್ರು. ಹೆಚ್ಚಿನವರಲ್ಲಿ ದೇಹದ ಕಾಯಿಲೆ ಯಾವುದೂ ಸಿಕ್ಕಿರಲಿಲ್ಲ.

ಹಾಗಂತ ಎಲ್ಲಾ ಹೊಟ್ಟೆನೋವೂ ಟೆನ್ಶನ್ ಅಲ್ಲ, ನೆನಪಿರಲಿ. ತೂಕ ಇಳಿಯೋದು, ಮಲದಲ್ಲಿ ರಕ್ತ, ಜ್ವರ, ನಿದ್ದೆಯಿಂದ ಎಬ್ಬಿಸೋ ನೋವು ಇದ್ರೆ ಡಾಕ್ಟರ ಹತ್ರ ಹೋಗಲೇಬೇಕು. ಅದ್ಯಾವುದೂ ಇಲ್ಲದಿದ್ರೆ ಸಾಕಷ್ಟು ನಿದ್ದೆ, ಹೊತ್ತಿಗೆ ಸರಿಯಾಗಿ ಎರಡು ಇಡ್ಲಿಯಾದ್ರೂ ತಿಂಡಿ, ಪರೀಕ್ಷೆಗೆ ಮುಂಚೆ ಐದು ನಿಮಿಷ ನಿಧಾನವಾದ ಉಸಿರಾಟ... ಎಲ್ಲಕ್ಕಿಂತ ಮೊದಲು "ನಿನ್ನ ನೋವು ನಿಜ ಕಣೋ" ಅನ್ನೋ ಒಂದು ಮಾತು.

ಇಷ್ಟನ್ನೂ ಚಿಕ್ಕಪ್ಪನಿಗೆ ಹೇಳಿದೆ. "ನಿನ್ನ ಗೂಗಲ್ ಪುರಾಣ ಸಾಕು ಮಾರಾಯ" ಅಂದ್ರು. ಆದ್ರೆ ಬೆಳಗಿನ ಟ್ಯೂಷನ್ ಸಂಜೆಗೆ ಬದಲಾಗಿದೆ ಅಂತ ಚಿಕ್ಕಮ್ಮ ಫೋನ್ ಮಾಡಿದ್ರು :)

ನಿಮ್ಮ ಮನೇಲೂ ಇಂಥ ಹೊಟ್ಟೆನೋವು ಇದ್ಯಾ? ಒಂದ್ಸಲ ಕೂರಿಸಿಕೊಂಡು ಕೇಳಿ ನೋಡಿ.